ಥೀಸಿಸ್ ಸಂದರ್ಶನಕ್ಕೆ ಲೈಬ್ರರಿಯ ರೆಕಾರ್ಡಿಂಗ್ ರೂಮ್ ಬೇಕಾ, ಮೊಬೈಲ್ ಸಾಕಾ?

ಪಿಎಚ್‌ಡಿಗಾಗಿ ಹಿರಿಯರ ಸಂದರ್ಶನ ರೆಕಾರ್ಡ್ ಮಾಡಬೇಕು, ಯೂನಿವರ್ಸಿಟಿ ಲೈಬ್ರರಿಯಲ್ಲಿ ರೆಕಾರ್ಡಿಂಗ್ ರೂಮ್ ಇದೆ, ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕಾ ಇಲ್ಲ ಮೊಬೈಲ್ ಸಾಕಾ ಅಂತ ಕೇಳಿದ್ದೀರಿ. ನಾನು ಇಂಥದ್ದೇ ಒಂದು ಲೈಬ್ರರಿಯ ಆಡಿಯೊ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಕೌಂಟರಿನ ಈ ಕಡೆಯಿಂದ ಹೇಳುತ್ತೇನೆ.

ಕೇಳಿ ಬರೆದುಕೊಂಡು ಥೀಸಿಸ್‌ನಲ್ಲಿ ನಾಲ್ಕು ಸಾಲು ಹಾಕುವುದಷ್ಟೇ ಆದರೆ ಮೊಬೈಲ್ ಧಾರಾಳವಾಗಿ ಸಾಕು. ಆದರೆ ಆ ಮಾತುಗಳನ್ನು ಮುಂದೆ ಬೇರೆಯವರೂ ಕೇಳಲಿ ಅನ್ನುವ ಆಸೆ ಇದ್ದರೆ ಲೈಬ್ರರಿಗೆ ಹೋಗಿ. ಅದೂ ರೆಕಾರ್ಡ್ ಮಾಡುವ ಮೊದಲೇ ಹೋಗಿ. ಜಾಸ್ತಿ ಜನ ಬರುವುದು ಎಲ್ಲ ಮುಗಿದ ಮೇಲೆ, ಒಂದು ಪೆನ್ ಡ್ರೈವ್ ಹಿಡಿದುಕೊಂಡು. ಅದರಲ್ಲಿ ‘ನ್ಯೂ ರೆಕಾರ್ಡಿಂಗ್ 7’ ಅನ್ನುವಂಥ ಹೆಸರಿನ ಫೈಲುಗಳಿರುತ್ತವೆ. ಮಾತಾಡಿದವರು ಯಾರು, ಯಾವ ದಿನ, ಅವರು ಒಪ್ಪಿದ್ದರಾ, ಯಾವುದೂ ಗೊತ್ತಿರುವುದಿಲ್ಲ. ಅಂಥದ್ದನ್ನು ನಾವು ಸಂಗ್ರಹಕ್ಕೆ ಸೇರಿಸಿಕೊಂಡರೂ ಯಾರಿಗೂ ಕೇಳಿಸುವ ಹಾಗಿಲ್ಲ.

ಹಾಗಾಗಿ ಮೊದಲು ಕೇಳಬೇಕಾದ್ದು ಮೈಕ್ ಅಲ್ಲ, ಒಪ್ಪಿಗೆ ಪತ್ರದ ನಮೂನೆ. ಮೌಖಿಕ ಇತಿಹಾಸದ, ಅಂದರೆ ಜನ ತಮ್ಮ ನೆನಪುಗಳನ್ನು ಹೇಳಿದ ರೆಕಾರ್ಡಿಂಗ್‌ಗಳ ಸಂಗ್ರಹ ಇರುವ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಇದು ಸಿದ್ಧ ಇರುತ್ತದೆ. ಇಷ್ಟು ವರ್ಷ ಯಾರಿಗೂ ಕೇಳಿಸಬೇಡಿ, ಈ ಭಾಗ ತೆಗೆದುಬಿಡಿ, ಹೆಸರು ಹಾಕಬೇಡಿ, ಹೀಗೆ ಹೇಳಲು ಅದರಲ್ಲಿ ಜಾಗ ಇರಬೇಕು. ಇಲ್ಲದಿದ್ದರೆ ಸೇರಿಸಿಕೊಡಿ ಅನ್ನಿ. ಸಹಿ ಹಾಕಿಸಿಕೊಂಡರೂ ರೆಕಾರ್ಡಿಂಗ್ ಶುರುವಿನಲ್ಲಿ ಹೆಸರು, ದಿನಾಂಕ, ಜಾಗ ಹೇಳಿ, ಅವರ ಬಾಯಿಂದಲೂ ಒಂದು ಸಲ ‘ಒಪ್ಪಿಗೆ ಇದೆ’ ಅನ್ನಿಸಿ. ಕಾಗದ ಕಳೆದುಹೋದರೂ ದನಿ ಫೈಲಿನ ಜೊತೆಗೇ ಇರುತ್ತದೆ.

ಇನ್ನು ರೂಮಿನ ವಿಷಯ. ಗೋಡೆಗೆ ಫೋಮ್ ಅಂಟಿಸಿದ್ದು ನೋಡಿ ಹೊರಗಿನ ಸದ್ದು ಒಳಗೆ ಬರುವುದಿಲ್ಲ ಅಂತ ತಿಳಿಯಬೇಡಿ. ಫೋಮ್ ಕಡಿಮೆ ಮಾಡುವುದು ಒಳಗಿನ ಪ್ರತಿಧ್ವನಿಯನ್ನು. ಹೊರಗಿನ ಸದ್ದು ತಡೆಯುವುದು ದಪ್ಪ ಗೋಡೆ, ಭಾರದ ಬಾಗಿಲು, ಸಂದು ಇಲ್ಲದಂತೆ ಬಾಗಿಲ ಸುತ್ತ ಹಾಕಿದ ರಬ್ಬರ್ ಪಟ್ಟಿ. ಬುಕ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಒಂದು ನಿಮಿಷ ಸುಮ್ನೆ ಕೂತು ಆ ಮೌನವನ್ನೇ ರೆಕಾರ್ಡ್ ಮಾಡಿ. ಆಮೇಲೆ ವಾಲ್ಯೂಮ್ ಏರಿಸಿ ಕೇಳಿ. ಎಸಿಯ ಗುಂಯ್, ಲಿಫ್ಟಿನ ಸದ್ದು, ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆಯುವುದು, ಕಟ್ಟಡದ ಜಾತಕವೇ ಬಿಚ್ಚಿಕೊಳ್ಳುತ್ತದೆ.

ಸದ್ದು ಜಾಸ್ತಿ ಇದ್ದರೆ ಕಂಡೆನ್ಸರ್ ಮೈಕ್ ಬದಲು ಡೈನಾಮಿಕ್ ಮೈಕ್ ಕೇಳಿ. ಕಂಡೆನ್ಸರ್ ತುಂಬಾ ಸೂಕ್ಷ್ಮ, ಕೈಗಡಿಯಾರದ ಟಿಕ್‌ಟಿಕ್ಕನ್ನೂ ಹಿಡಿಯುತ್ತದೆ. ಡೈನಾಮಿಕ್ ಅಷ್ಟು ಸೂಕ್ಷ್ಮವಲ್ಲ. ಬಾಯಿಗೆ ಹತ್ತಿರ ಇಟ್ಟರೆ ಸುತ್ತಲಿನ ಗಲಾಟೆ ಹಿಂದೆ ಸರಿಯುತ್ತದೆ. ಕಂಡೆನ್ಸರ್ ಬಳಸುವಾಗ ದನಿಯೇ ಬರುತ್ತಿಲ್ಲ ಅಂದರೆ ರೆಕಾರ್ಡರ್‌ನಲ್ಲೋ ಮಿಕ್ಸರ್‌ನಲ್ಲೋ ಇರುವ, ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಬಟನ್ ಒತ್ತಿದ್ದೀರಾ ನೋಡಿ. ‘ಮೈಕ್ ಕೆಟ್ಟಿದೆ’ ಅನ್ನುವ ಎಷ್ಟೋ ದೂರು ಆ ಬಟನ್ ಒತ್ತಿದರೆ ಮುಗಿದುಹೋಗುತ್ತವೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ ಇರಲಿ, ಸ್ವಲ್ಪ ಪಕ್ಕಕ್ಕಿರಲಿ. ಎದುರಿಗೇ ಇಟ್ಟರೆ ಪ, ಫ, ಬ, ಭ ಬಂದಾಗೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಕೆಲಸಕ್ಕೆ ರೂಮ್ ಬೇಡ ಅಂತಲೇ ನನ್ನ ಅಭಿಪ್ರಾಯ. ವಯಸ್ಸಾದವರನ್ನು ಕಿಟಕಿ ಇಲ್ಲದ ಕೋಣೆಯಲ್ಲಿ ಮೈಕ್ ಮುಂದೆ ಕೂರಿಸಿದರೆ ಭಾಷಣದ ಧಾಟಿ ಬಂದುಬಿಡುತ್ತದೆ. ಅವರ ಮನೆಯಲ್ಲಿ, ಅವರದೇ ಕುರ್ಚಿಯಲ್ಲಿ ಕೂತಾಗ ಬರುವ ಮಾತೇ ಬೇರೆ ಅಲ್ವಾ? ಎಷ್ಟೋ ಲೈಬ್ರರಿಗಳು ಪುಸ್ತಕದ ಹಾಗೆಯೇ ರೆಕಾರ್ಡಿಂಗ್ ಕಿಟ್ ಕೂಡ ಎರವಲು ಕೊಡುತ್ತವೆ. ಕೈಯಲ್ಲಿ ಹಿಡಿಯುವ ರೆಕಾರ್ಡರ್, ಬಟ್ಟೆಗೆ ಸಿಕ್ಕಿಸುವ ಎರಡು ಮೈಕ್, ಹೆಡ್‌ಫೋನ್, ಮೆಮೊರಿ ಕಾರ್ಡ್. ಅದನ್ನು ತೆಗೆದುಕೊಳ್ಳಿ. ಒಂದು ಮೈಕ್ ಅವರಿಗೆ, ಒಂದು ನಿಮಗೆ, ಎರಡೂ ಬೇರೆ ಬೇರೆ ಚಾನೆಲ್‌ಗೆ, ಅಂದರೆ ಇಬ್ಬರ ದನಿಯೂ ಬೇರೆ ಬೇರೆಯಾಗಿ ದಾಖಲಾಗುವ ಹಾಗೆ. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಕೇಳಿ ಬರೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಕೊರಳ ಸರ, ಶಾಲು ಮೈಕಿಗೆ ಉಜ್ಜದ ಹಾಗೆ ಸಿಕ್ಕಿಸಿ. ಉಜ್ಜಿದ ಸದ್ದನ್ನು ಆಮೇಲೆ ತೆಗೆಯುವುದು ಕಷ್ಟ.

ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ವೇವ್ (WAV, ದನಿಯನ್ನು ಕುಗ್ಗಿಸದೆ ಇಡುವ) ಫಾರ್ಮ್ಯಾಟ್, 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಎರಡು ಚಾನೆಲ್ ಸೇರಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ವೇವ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಬಹುದು. ಎಂಪಿ3 ಮಾಡುವಾಗ ಕಳೆದುಹೋದದ್ದು ಮಾತ್ರ ವಾಪಸ್ ಬರುವುದಿಲ್ಲ. ರೆಕಾರ್ಡರ್ ಪರದೆಯಲ್ಲಿ ಕಾಣುವ ದನಿಯ ಮಟ್ಟ ಜೋರು ಮಾತಿನಲ್ಲೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ; ಸೊನ್ನೆ ದಾಟಿದರೆ ದನಿ ಒಡೆಯುತ್ತದೆ. ನಕ್ಕಾಗ ದನಿ ಏರುತ್ತದೆ, ಅದಕ್ಕೆ ಜಾಗ ಬೇಕು.

ರೂಮ್ ಬೇಕೇ ಬೇಕು ಅಂದರೆ ಬೇಗ ಬುಕ್ ಮಾಡಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ರೆಕಾರ್ಡ್ ಮಾಡುವ ಸ್ವಯಂಸೇವಕರೂ ಎಷ್ಟೋ ಕಡೆ ಅದನ್ನೇ ಬಳಸುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಅವರಿಗೇ ಮೊದಲ ಜಾಗ ಸಿಗಬೇಕು. ಹಾಗೆಯೇ ನಿಮ್ಮ ಹಿರಿಯರ ಮನೆಯಲ್ಲಿ ಹಳೇ ಕ್ಯಾಸೆಟ್ ಸಿಕ್ಕರೆ ಸಿಕ್ಕ ಪ್ಲೇಯರ್‌ಗೆಲ್ಲ ಹಾಕಿ ನೋಡಬೇಡಿ. ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಡಿಜಿಟಲ್ ಮಾಡಿಕೊಡುವ ಸೌಲಭ್ಯ ಇದೆಯಾ ಅಂತ ಅದೇ ಕೌಂಟರಿನಲ್ಲಿ ಕೇಳಿ.

ಕೊನೆಯದಾಗಿ, ಕಿಟ್ ವಾಪಸ್ ಕೊಡುವ ಮೊದಲು ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿಕೊಂಡು, ಎರಡನ್ನೂ ತೆರೆದು ಕೇಳಿ ನೋಡಿ. ನಮ್ಮಲ್ಲಂತೂ ಕಿಟ್ ಕೈಗೆ ಬಂದ ಕೂಡಲೇ ಕಾರ್ಡ್ ಅಳಿಸಿ ಮುಂದಿನವರಿಗೆ ಕೊಟ್ಟುಬಿಡುತ್ತೇವೆ.