ಕೈಗುಣ ಎಲ್ಲಿಗೂ ಹೋಗಿಲ್ಲ

ಪ್ರಿಯ ಸಹೋದರಿ,

ಓದಲೆಂದು ಹೊರದೇಶಕ್ಕೆ ಹೋಗಿ ಎರಡು ತಿಂಗಳಾಯಿತು, ಬಾಡಿಗೆ ಮನೆಯ ಒಲೆಯ ಮೇಲೆ ಅನ್ನ ಒಂದು ದಿನ ತಳ ಹಿಡಿಯುತ್ತದೆ, ಮರುದಿನ ನುಚ್ಚಕ್ಕಿಯ ಹಾಗೆ ಹಸಿಯಾಗಿ ಉಳಿಯುತ್ತದೆ ಎಂದು ಬರೆದಿದ್ದೀರಿ. ಈರುಳ್ಳಿ ಹುರಿಯಲು ಹೋಗಿ ಹೊಗೆಯ ಅಲಾರಂ ಬಡಿದುಕೊಂಡು ಮನೆಯವರೆಲ್ಲ ಎದ್ದು ಬಂದ ರಾತ್ರಿಯಿಂದ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೀರಿ. “ಕಣ್ಣಳತೆಯಲ್ಲೇ ಅಡುಗೆ ಮಾಡುತ್ತಿದ್ದವಳು ನಾನು. ನನ್ನ ಕೈಗುಣ ಎಲ್ಲಿ ಹೋಯಿತು?” ಎಂದು ಕೇಳಿದ್ದೀರಿ.

ಎಲ್ಲಿಗೂ ಹೋಗಿಲ್ಲ. ಕೈಗುಣ ಅನ್ನುವುದರಲ್ಲಿ ಅರ್ಧ ಪಾಲು ಉರಿಯ ಪರಿಚಯ. ಗ್ಯಾಸ್ ಒಲೆಯಲ್ಲಿ ಉರಿ ಕಣ್ಣಿಗೆ ಕಾಣುತ್ತದೆ, ತಗ್ಗಿಸಿದ ಕೂಡಲೇ ತಗ್ಗುತ್ತದೆ. ನಿಮಗೀಗ ಸಿಕ್ಕಿರುವ ಗಾಜಿನ ಕರೆಂಟ್ ಒಲೆಯಲ್ಲಿ ಒಳಗಿನ ತಂತಿ ಕೆಂಪಗೆ ಕಾದು, ಆ ಬಿಸಿ ಗಾಜನ್ನು ದಾಟಿ ಪಾತ್ರೆಗೆ ಬರಬೇಕು. ಕಾಯುವುದೂ ನಿಧಾನ, ಆರುವುದೂ ನಿಧಾನ. ಗುಂಡಿಯನ್ನು ಸೊನ್ನೆಗೆ ತಿರುಗಿಸಿದ ಮೇಲೂ ಅದು ಬೇಯಿಸುತ್ತಲೇ ಇರುತ್ತದೆ. ನಿಮ್ಮ ಈರುಳ್ಳಿ ಕರಕಲಾದದ್ದು ಆ ಹೊತ್ತಿನಲ್ಲಿ. ಉರಿ ಹೆಚ್ಚಾಯಿತು ಅನ್ನಿಸಿದರೆ ಗುಂಡಿಯನ್ನು ನಂಬಿ ನಿಲ್ಲಬೇಡಿ, ಬಾಣಲೆಯನ್ನೇ ಪಕ್ಕಕ್ಕೆ ಎತ್ತಿಡಿ. ಅನ್ನದ ನೀರು ಇಂಗುತ್ತ ಬಂದಾಗಲೇ ಒಲೆ ಆರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ಉಳಿದ ಬಿಸಿಗೇ ಅದು ಅರಳುತ್ತದೆ. ಒಲೆಯ ಕೆಂಪು ಆಗಾಗ ಆರಿ ಮತ್ತೆ ಹೊತ್ತುವುದು ಕೆಟ್ಟಿರುವ ಲಕ್ಷಣವಲ್ಲ, ಶಾಖವನ್ನು ಹಿಡಿತದಲ್ಲಿಡುವ ಬಗೆಯೇ ಅದು. ತಳ ಡೊಂಕಾದ ಪಾತ್ರೆಯನ್ನು ಮಾತ್ರ ಇಡಬೇಡಿ. ಗಾಜಿಗೆ ತಾಗಿದಲ್ಲಿ ಸೀಯುತ್ತದೆ, ತಾಗದಲ್ಲಿ ಬೇಯುವುದಿಲ್ಲ.

ಕೆಲಸದ ಮೇಲೆ ನಾನೂ ಕೆಲವು ತಿಂಗಳು ಹೊರದೇಶದಲ್ಲಿದ್ದೆ. ಮೂರು ಸಲ ಅನ್ನ ಕೆಟ್ಟ ಮೇಲೆ ಅಡುಗೆ ಬಿಟ್ಟು ಬರೀ ನೀರಿಟ್ಟೆ. ಪ್ರತಿ ಸಲ ಒಂದು ಲೀಟರ್, ಅದೇ ಪಾತ್ರೆ. ಗುಂಡಿಯ ಯಾವ ಅಂಕಿಯಲ್ಲಿ ಎಷ್ಟು ಹೊತ್ತಿಗೆ ಕುದಿ ಬಂತು, ಯಾವುದರಲ್ಲಿ ಬರಲೇ ಇಲ್ಲ ಎಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆ ಚೀಟಿ ಕಲಿಸಿದಷ್ಟನ್ನು ನನಗೆ ಯಾವ ಪಾಕವಿಧಾನವೂ ಕಲಿಸಲಿಲ್ಲ.

ಮುಂದಿನ ತಿಂಗಳು ಹೋಗುವ ಮನೆಯಲ್ಲಿ ಇಂಡಕ್ಷನ್ ಒಲೆ ಇದೆ ಎಂದಿದ್ದೀರಿ. ಅದರಲ್ಲಿ ಬಿಸಿ ಹುಟ್ಟುವುದು ಪಾತ್ರೆಯ ತಳದಲ್ಲೇ. ಹಾಗಾಗಿ ಉರಿ ನೀವು ಹೇಳಿದ ತಕ್ಷಣ ಕೇಳುತ್ತದೆ. ಆದರೆ ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಸಾಮಾನ್ಯವಾಗಿ ಅದರ ಮೇಲೆ ಕಾಯುವುದಿಲ್ಲ. ಕೊಳ್ಳುವ ಮೊದಲು ತಳಕ್ಕೊಂದು ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ಆಯಿತು.

ಪಾಕವಿಧಾನಗಳಲ್ಲಿ ಬರುವ ಅಳತೆಯ ಗೊಂದಲ ದೊಡ್ಡದಲ್ಲ. ಕಪ್ ಒಂದು ಕಡೆ 240 ಮಿಲಿಲೀಟರ್, ಇನ್ನೊಂದು ಕಡೆ 250. ದೊಡ್ಡ ಚಮಚ ಹೆಚ್ಚಿನ ಕಡೆ 15, ಆಸ್ಟ್ರೇಲಿಯಾದಲ್ಲಿ 20. ಓವನ್‌ನಲ್ಲಿ 350 ಫ್ಯಾರನ್‌ಹೀಟ್ ಎಂದರೆ ಸುಮಾರು 180 ಸೆಲ್ಸಿಯಸ್. ಫ್ಯಾನ್ ಇರುವ ಓವನ್ ಆದರೆ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಡಿ.

ಒಂದು ಮಾತನ್ನು ಮಾತ್ರ ಕಟುವಾಗಿ ಹೇಳಬೇಕು. ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೇವೆ ಎಂದಿದ್ದೀರಿ. ಈ ಪತ್ರ ಓದಿ ಮುಗಿಸುವ ಮೊದಲು ಅದನ್ನು ಬಿಚ್ಚಿ. ರಾತ್ರಿ ನಿಮ್ಮೆಲ್ಲರ ಜೀವ ಕಾಯುವುದು ಅದೇ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಬೇಡಿ, ಒಲೆ ಹಚ್ಚುವ ಮೊದಲೇ ಹೊಗೆ ಹೀರುವ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಬಾಣಲೆಯ ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಸುರಿಯಲೇಬಾರದು, ಬಾಣಲೆಯನ್ನು ಎತ್ತಿಕೊಂಡು ಓಡಲೂಬಾರದು. ಕೈಗೆಟುಕಿದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿಬಿಡಿ. ಅದಕ್ಕೂ ಬಗ್ಗದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೊರಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಈ ಭಾನುವಾರ ಒಂದು ಲೀಟರ್ ನೀರಿಡಿ. ನಿಮ್ಮ ಚೀಟಿಯಲ್ಲಿ ಎಷ್ಟು ನಿಮಿಷ ಬಂತೆಂದು ನನಗೆ ಬರೆಯಿರಿ.

– ಸಂಪಾದಕಿ