ಡೈಪರ್ ತೂಗುವುದು ಯಾಕೆ?

ಪ್ರಶ್ನೆ: ವಾಂತಿಭೇದಿಯಾಗಿ ಎರಡು ವರ್ಷದ ಮಗಳನ್ನು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಯಾವಾಗಲೂ ತೋರಿಸುವ ಡಾಕ್ಟರ್ ಬರಲಿಲ್ಲ, ವಾರ್ಡಿನ ಮಕ್ಕಳ ಡಾಕ್ಟರೇ ನೋಡಿದರು. ಡೈಪರ್ ಕೂಡ ತೂಗಿಸಿದರು. ಡ್ರಿಪ್ ಸ್ವಲ್ಪ ಜೋರು ಮಾಡಿದ್ದಕ್ಕೆ ಸಿಸ್ಟರ್ ಬೈದರು. ಇಷ್ಟೆಲ್ಲ ಬೇಕಾ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಬೇಕೇ ಬೇಕು ತಾಯಿ. ದಾಖಲಾದ ರೋಗಿಗಳನ್ನಷ್ಟೇ ನೋಡಿಕೊಳ್ಳುವ ವೈದ್ಯರಿಗೆ ಅಮೆರಿಕದಲ್ಲಿ 1996ರಿಂದ ‘ಹಾಸ್ಪಿಟಲಿಸ್ಟ್’ ಎಂಬ ಹೆಸರಿದೆ. ಮಕ್ಕಳ ಸ್ಥಿತಿ ಗಂಟೆಗಂಟೆಗೂ ಬದಲಾಗುತ್ತದೆ; ಓಪಿಡಿ ಮುಗಿಸಿ ಸಂಜೆ ಒಮ್ಮೆ ಬಂದು ನೋಡಿದರೆ ಸಾಲದು.

ಡೈಪರ್ ತೂಗುವುದು ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂದು ಮೂತ್ರದ ಲೆಕ್ಕದಿಂದ ತಿಳಿಯಲು. ಒಣ ಡೈಪರಿನ ತೂಕ ಕಳೆದರೆ ಉಳಿದ ಪ್ರತಿ ಗ್ರಾಂ ಸುಮಾರು 1 ಮಿ.ಲೀ. ಮೂತ್ರ. 10 ಕೆ.ಜಿ. ಮಗುವಿಗೆ ಗಂಟೆಗೆ 10 ಮಿ.ಲೀ. ಆದರೂ ಆಗಬೇಕು. ಭೇದಿ ಬೆರೆತರೆ ಈ ಲೆಕ್ಕ ತಪ್ಪುತ್ತದೆ, ಅದಕ್ಕೇ ದಿನಾ ಮಗುವನ್ನೂ ತೂಗುತ್ತಾರೆ.

ಡ್ರಿಪ್ಪಿನ ಚಕ್ರ ಮಾತ್ರ ಯಾರೂ ಮುಟ್ಟಬಾರದು. ಮಕ್ಕಳ ಸೆಟ್ಟಿನಲ್ಲಿ 60 ಹನಿಗೆ 1 ಮಿ.ಲೀ.; ನಿಮಿಷಕ್ಕೆ 40 ಹನಿ ಬಿದ್ದರೆ ಗಂಟೆಗೆ 40 ಮಿ.ಲೀ. ಹೋಗುತ್ತದೆ. ಬೇಗ ಮುಗಿಯಲೆಂದು ಸಡಿಲಿಸಿದರೆ ನೀರು ಹೆಚ್ಚಾಗಿ ಉಸಿರಾಟಕ್ಕೇ ಕಷ್ಟವಾಗಬಹುದು. ಸಿಸ್ಟರ್ ಬೈದದ್ದು ಸರಿಯೇ. ಸೂಜಿಯ ಜಾಗ ಊದಿದರೆ ತಕ್ಷಣ ಅವರಿಗೇ ಹೇಳಬೇಕು.

ಡಿಸ್ಚಾರ್ಜ್ ಚೀಟಿಯನ್ನು ನಿಮ್ಮೂರ ಡಾಕ್ಟರಿಗೆ ತಪ್ಪದೆ ತೋರಿಸಿ. ಜಿಂಕ್ ಬರೆದಿದ್ದರೆ, ಈ ವಯಸ್ಸಿಗೆ ದಿನಕ್ಕೆ 20 ಮಿ.ಗ್ರಾಂ., ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.