ಸಿಂಹದ ಮರಿಗೆ ಹಾಲು ಕುಡಿಸುವ ವಾಲಂಟಿಯರ್ ಕೆಲಸಕ್ಕೆ ಹೋಗಬಹುದಾ?

ದಕ್ಷಿಣ ಆಫ್ರಿಕಾದಲ್ಲಿ ತಬ್ಬಲಿ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಕೆಲಸ ಇದೆಯಂತೆ, ಎರಡು ವಾರಕ್ಕೆ ದುಡ್ಡು ಕಟ್ಟಿ ಹೋದರೆ ಪ್ರಾಣಿಗಳಿಗೆ ನಿಜವಾಗಿ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಅಲ್ಲಿಗೆ ಹೋಗಬೇಡಿ. ಆಫ್ರಿಕಾಕ್ಕೆ ಖಂಡಿತ ಹೋಗಿ, ಆದರೆ ಅಂಥ ಜಾಗಕ್ಕೆ ಬೇಡ.

ವರ್ಷವಿಡೀ ಅಷ್ಟೊಂದು ಮರಿಗಳು ತಬ್ಬಲಿ ಆಗುವುದಾದರೂ ಹೇಗೆ ಹೇಳಿ? ಕಾಡಿನಲ್ಲಿ ಸಿಂಹಿಣಿ ಮರಿ ಹಾಕುವುದು ಸುಮಾರು ಎರಡು ವರ್ಷಕ್ಕೊಮ್ಮೆ. ಮರಿಗಳನ್ನು ಹುಟ್ಟಿದ ಕೆಲವೇ ದಿನಕ್ಕೆ ಕಿತ್ತುಕೊಂಡರೆ ಅದು ಬೇಗ ಮತ್ತೆ ಬೆದೆಗೆ ಬರುತ್ತದೆ. ಇಂಥ ಫಾರ್ಮ್‌ಗಳ ವ್ಯಾಪಾರ ನಡೆಯುವುದೇ ಇದರ ಮೇಲೆ. ಹಾಲು ಕುಡಿಸಲು ನೀವು ದುಡ್ಡು ಕೊಡುತ್ತೀರಿ. ಸ್ವಲ್ಪ ಬೆಳೆದ ಮೇಲೆ ಅದರ ಜೊತೆ ವಾಕಿಂಗ್ ಹೋಗಲು ಇನ್ನೊಬ್ಬರು ಕೊಡುತ್ತಾರೆ. ಪೂರ್ತಿ ಬೆಳೆದ ಮೇಲೆ ಬೇಲಿಯೊಳಗೆ ಬಿಟ್ಟು ಗುಂಡು ಹೊಡೆಯಲು ಮತ್ತೊಬ್ಬರು. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡಲು ಆಗುವುದಿಲ್ಲ, ಹಾಗಾಗಿ ಸಂರಕ್ಷಣೆ ಅನ್ನುವ ಮಾತೇ ಸುಳ್ಳು. 2021ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ ಈ ಸಾಕಣೆ ನಿಲ್ಲಬೇಕು ಅಂತ ಶಿಫಾರಸು ಮಾಡಿತು.

ನಾನು ಹೋಗಿದ್ದು ಕ್ವಾಜುಲು-ನಟಾಲ್ ಪ್ರಾಂತ್ಯದ ಹ್ಲುಹ್ಲುವೆ-ಇಮ್ಫೊಲೋಜಿ ಕಾಡಿಗೆ. 1895ರಲ್ಲೇ ಮೀಸಲು ಅಂತ ಘೋಷಣೆಯಾದ ಜಾಗ ಅದು. ದಕ್ಷಿಣದ ಬಿಳಿ ಘೇಂಡಾಮೃಗ ಇನ್ನೇನು ಮುಗಿದೇ ಹೋಯಿತು ಅನ್ನುವಾಗ ಉಳಿದುಕೊಂಡಿದ್ದು ಅಲ್ಲಿ. 1960ರ ದಶಕದಲ್ಲಿ ಅಲ್ಲಿಂದಲೇ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ನಮ್ಮ ತಂಡದ ಕೆಲಸ ಮಾತ್ರ ಜಾಸ್ತಿ ಕಾಡುನಾಯಿಗಳದ್ದು. ನಮ್ಮ ಸೀಳುನಾಯಿ ಅಲ್ಲ ಇದು, ಬೇರೆ ಜಾತಿ. ಮೈಮೇಲೆಲ್ಲ ಕಪ್ಪು, ಬಿಳಿ, ಕಂದು ಮಚ್ಚೆ. ಒಂದರ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ, ಆದ್ದರಿಂದ ಎಡಬಲ ಎರಡೂ ಕಡೆಯ ಫೋಟೋ ಇಟ್ಟುಕೊಂಡು ಒಂದೊಂದನ್ನೂ ಗುರುತು ಹಿಡಿಯಬಹುದು.

ಬೆಳಕು ಹರಿಯುವ ಮುಂಚೆಯೇ ಪಿಕಪ್ ಗಾಡಿ ಹಿಂದೆ ಹತ್ತಿ ಕೂರಬೇಕು. ಗುಡ್ಡದ ಮೇಲೆ ನಿಲ್ಲಿಸಿ, ಆಂಟೆನಾ ಎತ್ತಿ ಹಿಡಿದು ನಿಧಾನಕ್ಕೆ ಸುತ್ತ ತಿರುಗಬೇಕು. ರಿಸೀವರ್‌ನಲ್ಲಿ ಬರೀ ಗೊರಗೊರ ಸದ್ದು. ಕುತ್ತಿಗೆಗೆ ರೇಡಿಯೋ ಸಿಗ್ನಲ್ ಕಳಿಸುವ ಕಾಲರ್ ಹಾಕಿದ ನಾಯಿ ಇರುವ ದಿಕ್ಕಿಗೆ ಬಂದಾಗ ಅದರ ನಡುವೆ ಸಣ್ಣಗೆ ಟಿಕ್, ಟಿಕ್ ಅನ್ನುತ್ತದೆ. ಅಷ್ಟಕ್ಕೇ ನಂಬುವ ಹಾಗಿಲ್ಲ, ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುವ ಸಿಗ್ನಲ್ಲೂ ಹಾಗೇ ಕೇಳುತ್ತದೆ. ವಾಲ್ಯೂಮ್ ತಗ್ಗಿಸಿ, ಜಾಗ ಬದಲಿಸಿ, ಮತ್ತೆ ಕೇಳಬೇಕು. ಎಷ್ಟೋ ದಿನ ಒಂದು ನಾಯಿಯೂ ಕಾಣುವುದಿಲ್ಲ. ಅದನ್ನೂ ಬರೆದಿಡಬೇಕು.

ಒಂದು ಬೆಳಿಗ್ಗೆ ಗುಂಪು ಸಿಕ್ಕಿತು. ಎಣಿಸಿದರೆ ಒಂದು ಕಡಿಮೆ. ಸ್ವಲ್ಪ ಹೊತ್ತಿನ ಮೇಲೆ ಆ ಹೆಣ್ಣುನಾಯಿ ತಲೆ ತಗ್ಗಿಸಿಕೊಂಡು ಹಿಂದಿನಿಂದ ಬಂತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕುತ್ತಿಗೆಯಲ್ಲಿ ತಂತಿಯ ಉರುಳು, ಸುತ್ತ ಕೂದಲು ಉದುರಿ ಮಾಂಸ ಕಾಣುತ್ತಿತ್ತು. ಇಂಪಾಲಾ, ನ್ಯಾಲಾ ಅನ್ನುವ ಹುಲ್ಲೆಗಳನ್ನು ಹಿಡಿಯಲು ಒಡ್ಡಿದ ಉರುಳಿಗೆ ಇವೂ ಬೀಳುತ್ತವೆ. ತಂಡದ ಮುಖ್ಯಸ್ಥೆ ಫೋನ್ ಮಾಡಿದರು. ವೆಟ್ ಬರುವವರೆಗೂ ಅದು ಕಣ್ಣಿಂದ ಮರೆಯಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ವೆಟ್ ಬಂದು ಅರಿವಳಿಕೆ ಡಾರ್ಟ್ ಹೊಡೆದು, ತಂತಿ ಕತ್ತರಿಸಿ, ಔಷಧಿ ಹಾಕಿ ಬಿಟ್ಟರು. ನಾವು ವಾಲಂಟಿಯರ್‌ಗಳು ಅದನ್ನು ಮುಟ್ಟಲೇ ಇಲ್ಲ. ಆದರೆ ಯಾರೂ ಎಣಿಸದಿದ್ದರೆ ಅದು ಸುಮ್ನೆ ಪೊದೆಯೊಳಗೆ ಸಾಯುತ್ತಿತ್ತು, ಅಲ್ವಾ? ನನ್ನ ಮಟ್ಟಿಗೆ ಉಪಯೋಗ ಅಂದರೆ ಇದೇ.

ಎಣಿಕೆ ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಅಲ್ಲಿನ ಮೀಸಲು ಕಾಡುಗಳಿಗೆ ಬೇಲಿ ಇರುತ್ತದೆ. ಪ್ರಾಯಕ್ಕೆ ಬಂದ ನಾಯಿಗಳು ಸಂಗಾತಿ ಹುಡುಕಿ ಗುಂಪು ಬಿಟ್ಟು ಹೊರಟರೂ ದೂರ ಹೋಗಲು ದಾರಿಯಿಲ್ಲ. ಆದ್ದರಿಂದ ಒಂದು ಕಾಡಿನ ಅಣ್ಣತಮ್ಮಂದಿರನ್ನೂ ಇನ್ನೊಂದು ಕಾಡಿನ ಅಕ್ಕತಂಗಿಯರನ್ನೂ ಹಿಡಿದು, ಒಂದೇ ಆವರಣದಲ್ಲಿ ಕೆಲವು ವಾರ ಇಟ್ಟು, ಹೊಂದಿಕೊಂಡ ಮೇಲೆ ಹೊಸ ಕಾಡಿಗೆ ಬಿಡುತ್ತಾರೆ. ಯಾವ ನಾಯಿ ಯಾವಾಗ ಗುಂಪು ಬಿಟ್ಟಿತು ಅಂತ ತಿಳಿಯುವುದು ನಾವು ತುಂಬಿದ ಹಾಳೆಗಳಿಂದಲೇ.

ದುಡ್ಡು ನಿಜವಾದ ಯೋಜನೆಗಳಲ್ಲೂ ಕಟ್ಟಬೇಕು. ಡೀಸೆಲ್, ಕಾಲರ್, ವೆಟ್ ಖರ್ಚು ಎಲ್ಲ ಅದರಿಂದಲೇ ನಡೆಯುತ್ತದೆ. ಯಾವುದಕ್ಕೆ ಎಷ್ಟು ಹೋಗುತ್ತದೆ ಅಂತ ಬರೆದು ಕೇಳಿ, ಹೇಳಲು ಹಿಂಜರಿದರೆ ಬಿಟ್ಟುಬಿಡಿ. ಪ್ರಾಣಿ ಮುಟ್ಟಬಹುದಾ ಅಂತಲೂ ಕೇಳಿ. "ಹೌದು" ಅಂದರೆ ಅಲ್ಲಿಗೇ ಮಾತು ಮುಗಿಸಿ. ಘೇಂಡಾ ಫೋಟೋ ಹಾಕುವ ಬಗ್ಗೆ ಅವರ ನಿಯಮ ಏನು ಅಂತ ಕೇಳಿ ನೋಡಿ. 2023ರಲ್ಲಿ ಆ ದೇಶದಲ್ಲಿ ಕೊಂಬಿಗಾಗಿ ಕೊಂದ ಘೇಂಡಾಗಳು 499, ಅದರಲ್ಲಿ 300ಕ್ಕೂ ಜಾಸ್ತಿ ಈ ಒಂದೇ ಪ್ರಾಂತ್ಯದಲ್ಲಿ. ಜಾಗ ಗೊತ್ತಾಗುವ ಫೋಟೋ ಹಾಕಲು ಬಿಡುವವರಿಗೆ ಕಾಡಿನ ಕಾಳಜಿ ಇಲ್ಲ.

ವೀಸಾ ಬೇಕೇ ಬೇಕು. ವಾಲಂಟಿಯರ್ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಹೇಳಿ ಯಾವ ಬಗೆಯ ವೀಸಾ ಅಂತ ಕೇಳಿಕೊಳ್ಳಿ. ಆ ಭಾಗದಲ್ಲಿ ಮಲೇರಿಯಾ ಇದೆ, ಹೊರಡುವ ಮುಂಚೆ ಡಾಕ್ಟರನ್ನು ನೋಡಿ. ಕೀನ್ಯಾ ಕಡೆಯೂ ಹೋಗುವ ಯೋಚನೆ ಇದ್ದರೆ ಯೆಲ್ಲೋ ಫೀವರ್ ಲಸಿಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ. ಕಾಡುನಾಯಿ ನೋಡುವ ಆಸೆ ಇದ್ದರೆ ಜೂನ್, ಜುಲೈ ಒಳ್ಳೆಯ ಸಮಯ. ಆಗ ಅಲ್ಲಿ ಚಳಿಗಾಲ, ಹುಲ್ಲು ಒಣಗಿರುತ್ತದೆ, ಮರಿಗಳು ಬಿಲದಲ್ಲಿ ಇರುವುದರಿಂದ ಗುಂಪು ಬೇಟೆ ಮುಗಿಸಿ ಅಲ್ಲಿಗೇ ವಾಪಸ್ ಬರುತ್ತದೆ. ದಪ್ಪ ಜಾಕೆಟ್ ತೆಗೆದುಕೊಂಡು ಹೋಗಿ, ಬೆಳಗಿನ ಜಾವ ತೆರೆದ ಪಿಕಪ್‌ನಲ್ಲಿ ತುಂಬಾ ಚಳಿ.